ಚಳ್ಳಕೆರೆಯ ಹೆಜ್ಜೆಭಾರ

ಚಳ್ಳಕೆರೆ, ದೊಡ್ಡ ತಣ್ಮನೆ
ಎರಡನೆಯ ಧೂಳುಮಾಸ, ಕಪ್ಪುಗಾಳಿಯ ವಾರ
ನಿಮ್ಮ ಪಂಚಾಂಗದಲ್ಲಿ ೨೧೬೮ರ ಏಪ್ರಿಲ್ ಇರಬೇಕು

ನಮಗಿಂತ ಮೊದಲು ಬಾಳಿದವರೇ, ನಮಸ್ಕಾರ.

ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾವು ಶಾಲೆಯಲ್ಲಿ ಕಲಿತವರು. ನೀವು ಆಡುತ್ತಿದ್ದ ಎಷ್ಟೋ ಪದಗಳ ವಸ್ತುಗಳು ನಮ್ಮಲ್ಲಿಲ್ಲ. ನಮ್ಮಲ್ಲಿರುವ ಎಷ್ಟೋ ವಸ್ತುಗಳಿಗೆ ನೀವು ಪದ ಕಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಅಂಥ ಪದ ಬಂದ ಕಡೆ ನಿಂತು ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟೀತು ಎನ್ನುವುದು ನನಗೆ ತಿಳಿಯದು. ಎರಡು ವರ್ಷದಿಂದ ಒಂದು ವಿಷಯ ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಅದನ್ನು ಹೇಳಬೇಕಾದವರು ನೀವೇ ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಹೆಸರು ಮಾರಕ್ಕ. ವಯಸ್ಸು ಹತ್ತೊಂಬತ್ತು. ಶಿವರಾತ್ರಿ ಕಳೆದ ಮೇಲೆ ನಮ್ಮ ಊರು ನೆಲದಡಿಗೆ ಇಳಿಯುತ್ತದೆ. ನೆಲದಡಿಯ ಆ ದೊಡ್ಡ ಹಜಾರವೇ ತಣ್ಮನೆ. ಮುಂಗಾರು ಕೂರುವ ತನಕ ಎಲ್ಲರ ಬಾಳು ಅಲ್ಲೇ. ಒಂದೊಂದು ಮನೆಯವರಿಗೆ ಒಂದೊಂದು ಜಗಲಿ, ಜಗಲಿಯ ಸುತ್ತ ಹಳೇ ಸೀರೆಯ ಮರೆ. ಒಲೆ ಉರಿದರೆ ಹಜಾರ ಕಾಯುತ್ತದೆಂದು ಸೂರ್ಯ ಹುಟ್ಟುವ ಮೊದಲೇ ಎಲ್ಲರಿಗೂ ಒಟ್ಟಿಗೆ ರಾಗಿಮುದ್ದೆ ತೊಳಸಿ ಮುಗಿಸುತ್ತಾರೆ. ಹಗಲೆಲ್ಲ ತಣ್ಣನೆಯ ಮುದ್ದೆ, ತಣ್ಣನೆಯ ಸಾರು. ಸದ್ದು ಗೋಡೆಗೆ ಬಡಿದು ಮರಳುವುದರಿಂದ ಮಕ್ಕಳು ಕೂಡ ಮೆಲ್ಲಗೆ ಮಾತಾಡುವುದನ್ನು ಕಲಿತಿವೆ. ಮೇಲೆ, ನಿಮ್ಮ ಬೀದಿಗಳಿದ್ದ ಕಡೆ, ಕುದಿಗಾಳಿ ಇರುತ್ತದೆ. ಅದು ಬರಿಯ ಬಿಸಿಲಲ್ಲ. ಗಾಳಿಯಲ್ಲಿ ಬಿಸಿಯೂ ತೇವವೂ ಒಟ್ಟಿಗೆ ಸೇರಿ, ಮೈಯ ಬೆವರು ಆರುವುದು ನಿಂತುಹೋಗುತ್ತದೆ. ಬೆವರು ಆರದಿದ್ದರೆ ಗಟ್ಟಿಮುಟ್ಟಾದ ಆಳು ನೆರಳಿನಲ್ಲಿ ಕೂತೂ ಅರ್ಧ ಹಗಲಲ್ಲಿ ಸಾಯುತ್ತಾನೆ.

ತಣ್ಮನೆಯನ್ನು ತಣ್ಣಗಿಡುವುದು ಗುಡ್ಡದ ಮೇಲಿನ ಗಾಳಿಯಂತ್ರಗಳು ಮತ್ತು ಸೌರಫಲಕಗಳು. ಆದರೆ ಧೂಳುಮಾಸಗಳಲ್ಲಿ ಗಾಳಿ ಸತ್ತುಹೋಗುತ್ತದೆ, ಇಲ್ಲವೇ ಕಪ್ಪುಧೂಳನ್ನು ಹೊತ್ತು ತಂದು ಫಲಕಗಳನ್ನು ಮುಚ್ಚಿಬಿಡುತ್ತದೆ. ಆಗ ಗ್ಯಾಸಿನ ಎಂಜಿನ್‌ಗಳನ್ನು ಓಡಿಸುತ್ತಾರೆ. ಅವುಗಳ ಸದ್ದು ನಮಗೆ ಪಕ್ಕದಲ್ಲಿ ಮಲಗಿದ ಅವ್ವನ ಗೊರಕೆಯ ಹಾಗೆ. ಇದ್ದಾಗ ಕೇಳಿಸುವುದಿಲ್ಲ, ನಿಂತರೆ ಎಲ್ಲರೂ ಎದ್ದು ಕೂರುತ್ತೇವೆ.

ನೀವು ಕಾರ್ಬನ್ ಹೆಜ್ಜೆಗುರುತು ಅನ್ನುತ್ತಿದ್ದದ್ದನ್ನು ನಾವು ಹೆಜ್ಜೆಭಾರ ಅನ್ನುತ್ತೇವೆ. ಯಾವ ಊರಿನವರಿಗೆ ಎಷ್ಟು ಹೆಜ್ಜೆಭಾರ ಸಲ್ಲುತ್ತದೆ ಎಂದು ಭೂಸಭೆ ಗೊತ್ತುಮಾಡುತ್ತದೆ. ಎಲ್ಲ ದೇಶಗಳೂ ಸೇರಿ ಕೂರುವ ಸಭೆ ಅದು. ನಾನು ಹೇಳುತ್ತಿರುವ ವರ್ಷ, ಅಂದರೆ ಎರಡು ವರ್ಷದ ಹಿಂದೆ, ಅಲ್ಲಿ ಒಂದು ಮಾತು ನಡೆದಿತ್ತು: ಮಿತಿ ಮೀರಿದ ಊರುಗಳಿಗೆ ಗ್ಯಾಸು ನಿಲ್ಲಿಸಿ, ಅಲ್ಲಿನ ಜನರನ್ನು ಬೇರೆ ಕಡೆ ಸಾಗಿಸಬೇಕು ಎಂದು. ಬೇರೆ ಕಡೆ ಎಂದರೆ ಎಲ್ಲಿ ಎನ್ನುವುದನ್ನು ಯಾರೂ ಹೇಳಿರಲಿಲ್ಲ.

ಆ ವರ್ಷವೇ ನಮ್ಮ ಶಾಲೆ ಇನ್ನೆರಡು ಶಾಲೆಗಳ ಜೊತೆ ಒಂದು ಪಾಠಕ್ಕೆ ಸೇರಿಕೊಂಡಿತು. ಒಂದು ನಾರ್ವೆಯ ಬುಡೋ ಊರಿನದು, ಇನ್ನೊಂದು ಪೆರುವಿನ ಬೆಟ್ಟದ ಮೇಲಿನ ಕುಸ್ಕೊದ್ದು. ಮೂರೂ ಕಡೆಯ ಮಕ್ಕಳು ತಂತಮ್ಮ ವರ್ಷದ ಹೆಜ್ಜೆಭಾರವನ್ನು ತಾವೇ ಲೆಕ್ಕ ಹಾಕಿ, ತೆರೆಯ ಮೇಲೆ ಎದುರುಬದುರು ಕೂತು ಹೋಲಿಸಿ ನೋಡಬೇಕು. ತಿಪ್ಪೇರುದ್ರ ಮೇಷ್ಟ್ರು ನಮ್ಮನ್ನು ಹುರಿದುಂಬಿಸಿದರು. ನಮಗೂ ಹುಮ್ಮಸ್ಸಿತ್ತು. ನಮ್ಮಲ್ಲಿ ಯಾರ ಮನೆಯಲ್ಲೂ ಗಾಡಿಯಿಲ್ಲ, ಮಾಂಸ ಕಂಡರೆ ವರ್ಷಕ್ಕೊಂದು ಸಲ, ಅಕ್ಕನ ಲಂಗ ತಂಗಿಗೆ, ತಂಗಿಯದು ಒರೆಸುವ ಬಟ್ಟೆಗೆ. ನಮಗಿಂತ ಹಗುರ ಹೆಜ್ಜೆಯವರು ಭೂಮಿಯ ಮೇಲೆ ಇರಲಾರರು ಎಂದೇ ನಾವು ತಿಳಿದಿದ್ದೆವು.

ಎಲ್ಲರಿಗಿಂತ ಹೆಚ್ಚು ಹುಮ್ಮಸ್ಸು ನನ್ನ ಗೆಳತಿ ಕೆಂಚವ್ವನಿಗೆ. ಲೆಕ್ಕವೆಂದರೆ ಅವಳಿಗೆ ಆಟ. ಮೇಷ್ಟ್ರು ಬಾಯಲ್ಲಿ ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಅವಳು ಉತ್ತರ ಹೇಳಿ ಕಿಟಕಿಯಿಲ್ಲದ ಗೋಡೆಯ ಕಡೆ ನೋಡುತ್ತ ಕೂತಿರುತ್ತಿದ್ದಳು. ನಮ್ಮೆಲ್ಲರ ಲೆಕ್ಕವನ್ನು ಕೂಡಿ ಕಳೆದು ಸರಿಮಾಡಿದವಳು ಅವಳೇ. ಮುಗಿಸಿದ ಮೇಲೆ ಮತ್ತೆ ಮೊದಲಿಂದ ಮಾಡಿದಳು. ಮುಖ ಸಪ್ಪಗಾಯಿತು. ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತೆರೆಯಲ್ಲಿ ಮೊದಲು ಬುಡೋದ ಮಕ್ಕಳು ಓದಿದರು. ಅವರ ಪರವಾಗಿ ಮಾತಾಡುತ್ತಿದ್ದವಳು ಸೊಲ್ವೈ ಎಂಬ ಹುಡುಗಿ. ಬೆನ್ನ ಹಿಂದೆ ತೆರೆದ ಕಿಟಕಿ, ಕಿಟಕಿಯಾಚೆ ಅಲ್ಲಾಡುವ ಎಲೆ. ನಮ್ಮಲ್ಲಿ ಅರ್ಧ ಜನ ಅವಳ ಮಾತು ಬಿಟ್ಟು ಆ ಎಲೆಯನ್ನೇ ನೋಡುತ್ತಿದ್ದೆವು. ಆಮೇಲೆ ಕುಸ್ಕೊದವರು. ಆಮೇಲೆ ಕೆಂಚವ್ವ ಎದ್ದು ನಮ್ಮದನ್ನು ಓದಿದಳು.

ನಮ್ಮದು ಬುಡೋದವರಿಗಿಂತ ನಾಲ್ಕು ಪಟ್ಟು ಹೆಚ್ಚು. ಕುಸ್ಕೊದವರಿಗಿಂತ ಆರು ಪಟ್ಟು.

ತಪ್ಪಾಗಿ ಓದಿದಳೆಂದುಕೊಂಡೆ. ಮೇಷ್ಟ್ರು ಅವಳ ಕೈಯ ಹಾಳೆ ಇಸಿದುಕೊಂಡು ನೋಡಿ, ಸರಿಯಿದೆಯೆಂದು ತಲೆಯಾಡಿಸಿ ವಾಪಸು ಕೊಟ್ಟರು. ಆಮೇಲೆ ಸೊಲ್ವೈ ಕೇಳಿದಳು. ಕುಹಕದಿಂದ ಕೇಳಲಿಲ್ಲ, ಅದನ್ನು ನಾನು ಆಣೆಯಿಟ್ಟು ಹೇಳಬಲ್ಲೆ, ತಿಳಿಯದೆ ಕೇಳಿದಳು. ನಮ್ಮ ಕಿವಿಯಲ್ಲಿರುವ ಮಾತುಗುಂಡಿ ಅವಳ ಮಾತನ್ನು ಎಂದಿನಂತೆ ಪುಸ್ತಕದ ಕನ್ನಡಕ್ಕೆ ತಿರುಗಿಸಿತು.

"ಕ್ಷಮಿಸಿ, ಇಷ್ಟನ್ನೂ ಬಳಸಿ ನೀವು ಏನು ಮಾಡುತ್ತೀರಿ?"

"ಉಸಿರಾಡ್ತೀವಿ," ಅಂದಳು ಕೆಂಚವ್ವ.

ಅಷ್ಟು ಹೇಳಿ ಕೂತುಬಿಟ್ಟಳು. ಅವರ ಕಿವಿಗೆ ಆ ಮಾತು ಹೇಗೆ ತಲುಪಿತೋ, ಯಾರೋ ಒಬ್ಬ ಹುಡುಗ ನಕ್ಕ. ತಮಾಷೆಯೆಂದು ತಿಳಿದಿರಬೇಕು. ತಣ್ಮನೆ, ಎಂಜಿನ್ನು, ಕಪ್ಪುಧೂಳು ಎಲ್ಲವನ್ನೂ ಮೇಷ್ಟ್ರು ವಿವರಿಸಲು ಹೊರಡುವಷ್ಟರಲ್ಲಿ ಹೊತ್ತು ಮುಗಿದು ತೆರೆ ಕಪ್ಪಾಯಿತು.

ಆ ದಿನ ನಾವು ಊಟಕ್ಕೆ ಕೂತಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಭೂಸಭೆಯ ಮಾತು ಎಲ್ಲರ ತಲೆಯಲ್ಲಿತ್ತು. ಕೆಂಚವ್ವ ಮುದ್ದೆ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಒಬ್ಬೊಬ್ರು ಒಂದೊಂದಿಷ್ಟು ದಿನ ಮ್ಯಾಲಿದ್ರೆ ನಮ್ಮ ಭಾರ ಇಳೀತೈತೆ ಕಣೆ, ಮಾರಿ," ಅಂದಳು. "ಲೆಕ್ಕ ಮಾಡಿ ನೋಡೀನಿ."

"ಮ್ಯಾಲಿದ್ರೆ ನಾವು ಇರಲ್ಲ," ಅಂದೆ.

"ದಪ್ಪ ಗೋಡೆ ಇರಬೇಕು. ಒದ್ದೆ ಗೋಣಿ ಕಟ್ಟಿದ್ರೆ ಒಳಗೆ ತಂಪು ನಿಲ್ತೈತೆ. ಹಿಂದಿನೋರು ಹಂಗೇ ಇದ್ರು."

ಅವಳು ಲೆಕ್ಕದ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಅವಳು ಯಾವಾಗಲೂ ಆಡುತ್ತಿದ್ದದ್ದು ಲೆಕ್ಕದ ಮಾತೇ.

ಮಾರನೆಯ ದಿನ ಬೆಳಿಗ್ಗೆ ಅಡಿಗೆಯವರಿಗೆ ನೆರವಾಗುತ್ತೇನೆಂದು ತನ್ನ ಅವ್ವನಿಗೆ ಹೇಳಿ ಹೋದ ಕೆಂಚವ್ವ ಪಾಠಕ್ಕೆ ಬರಲಿಲ್ಲ. ಅಡಿಗೆಯವರು ಅವಳನ್ನು ಕಂಡೇ ಇರಲಿಲ್ಲ. ಊಟದ ಹೊತ್ತಿನ ಅವಳ ಮಾತು ನೆನಪಾಗಿ ನಾನು ಮೇಷ್ಟ್ರ ಹತ್ತಿರ ಓಡಿದೆ. ಅವರೂ ಅವಳ ಅವ್ವನೂ ತೇವದಂಗಿ ತೊಟ್ಟು ಮೇಲಕ್ಕೆ ಹೋದರು. ತೇವದಂಗಿಯ ಅಸ್ತರಿನೊಳಗೆ ತಣ್ಣೀರು ಹರಿಯುತ್ತದೆ. ಅದು ಕಾಯುವ ತನಕ ಮಾತ್ರ ಮೇಲಿರಬಹುದು. ಬಾಗಿಲು ತೆರೆದು ಮುಚ್ಚಿದಾಗ ಒಳಗೆ ನುಗ್ಗಿದ ಗಾಳಿ ಕುದಿಯುವ ಪಾತ್ರೆಯ ಮುಚ್ಚಳ ತೆಗೆದಂತೆ ನನ್ನ ಮುಖಕ್ಕೆ ಬಡಿಯಿತು.

ಅವಳು ಸಿಕ್ಕಿದ್ದು ಕೆರೆಬೀದಿಯ ಅವರ ಹಳೇ ಮನೆಯಲ್ಲಿ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಂಡಿದ್ದಳು. ಕಲ್ಲುಗೋಡೆಯ ಒಳಕೋಣೆ, ಕಿಟಕಿಗೆ ಒದ್ದೆ ಗೋಣಿ, ಪಕ್ಕದಲ್ಲಿ ಕೊಡಗಳಲ್ಲಿ ನೀರು. ಬೆಳಿಗ್ಗೆ ಒಣಗಾಳಿಯಿದ್ದಾಗ ಗೋಣಿ ತಂಪು ಕೊಟ್ಟಿರಬೇಕು. ಹೊತ್ತೇರುತ್ತಲೇ ಗಾಳಿ ಕಡಲ ಕಡೆಯಿಂದ ತಿರುಗಿ ತೇವ ತಂದಿತು. ಗಾಳಿಯೇ ಒದ್ದೆಯಾದ ಮೇಲೆ ಒದ್ದೆ ಗೋಣಿ ಏನನ್ನೂ ತಣಿಸುವುದಿಲ್ಲ. ಅವಳನ್ನು ಹೊತ್ತು ತಂದಾಗ ಮೈ ಕೆಂಡವಾಗಿತ್ತು, ಬೆವರಿನ ಪಸೆಯಿರಲಿಲ್ಲ. ಕಣ್ಣು ತೆರೆದಿದ್ದವು, ನಾನು ಕರೆದರೆ ಅವು ನನ್ನ ಕಡೆ ತಿರುಗಲಿಲ್ಲ.

ಅವಳ ಅವ್ವ ಅಳಲಿಲ್ಲ. ಮಗಳ ತಲೆಗೆ ನೀರು ಹನಿಸುತ್ತ ಒಂದೇ ಮಾತನ್ನು ಮೇಷ್ಟ್ರಿಗೆ ಕೇಳುತ್ತಿದ್ದಳು: "ಅದೇನು ಪಾಠ ಸಾಮಿ? ಅದೇನು ಪಾಠ ಹೇಳಿಕೊಟ್ರಿ?" ಮೇಷ್ಟ್ರು ನಿಂತಲ್ಲೇ ನಿಂತಿದ್ದರು, ತೇವದಂಗಿಯನ್ನೂ ಕಳಚದೆ.

ಕೆಂಚವ್ವ ಬದುಕಿದಳು. ಮಳೆ ಬರುವ ಹೊತ್ತಿಗೆ ಎದ್ದು ಕೂತಳು, ಆಮೇಲೆ ನಡೆದಳು. ಮಾತು ಬಂತು, ತಡವರಿಸುತ್ತ. ಬಾರದೆ ಹೋದದ್ದು ಲೆಕ್ಕ. ಒಂದು ದಿನ ಅವಳ ಮುಂದೆ ಹುಣಸೆಬೀಜದ ಕಾಯಿ ಹರಡಿಕೊಂಡು ಚೌಕಾಬಾರ ಆಡಲು ಕೂತೆ. ಕವಡೆ ಬಿದ್ದ ಮೇಲೆ ಎಷ್ಟು ಮನೆ ನಡೆಸಬೇಕೆಂದು ಅವಳಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದಳು. ನಾನು ಅವಳ ಕಾಯಿಯನ್ನು ನಡೆಸಿದೆ. ಹಾಗೇ ಆಟ ಮುಗಿಸಿದೆವು.

ಸೊಲ್ವೈಗೆ ವಿಷಯ ತಿಳಿದದ್ದು ಮೇಷ್ಟ್ರಿಂದ. ಅವಳು ಮತ್ತೆ ತೆರೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವಳು ಕ್ಷಮೆ ಕೇಳಲು ಬಾಯಿ ತೆರೆದಾಗ ಕೆಂಚವ್ವ ಕೈಯಾಡಿಸಿ ತಡೆದಳು. "ನೀನು... ಕೇಳಿದ್ದು ತಪ್ಪಲ್ಲ," ಅಂದಳು. "ಇನ್ನೊಂದು ಲೆಕ್ಕ ಮಾಡಾನ. ಮೊದಲಿಂದ. ಅವರದ್ದು." ಅವಳು ಅಂದದ್ದು ನಿಮ್ಮನ್ನು. ಇದೇ ವಯಸ್ಸಿನಲ್ಲಿ, ನೂರೈವತ್ತು ವರ್ಷದ ಕೆಳಗೆ, ನಮ್ಮ ನಮ್ಮ ಮನೆಗಳ ಹಿರೀಕರು ಹೇಗಿದ್ದರು, ಅವರ ಹೆಜ್ಜೆಭಾರ ಎಷ್ಟಿತ್ತು ಎಂಬ ಲೆಕ್ಕ. ಅವಳ ಕೈಯಲ್ಲಿ ಆಗುವುದಿಲ್ಲವೆಂದು ಅವಳ ಪಾಲಿನದನ್ನು ನಾನೇ ಮಾಡಿದೆ.

ಸೊಲ್ವೈಯ ಆಗಿನ ಹಿರೀಕರು ವರ್ಷವೊಂದರಲ್ಲಿ ಹೊರಿಸಿದ ಭಾರ, ತಣ್ಮನೆಯ ಎಂಜಿನ್ನೂ ಸೇರಿ ಕೆಂಚವ್ವ ಹುಟ್ಟಿದಾಗಿನಿಂದ ಹೊರಿಸಿದ್ದಕ್ಕೆ ಹತ್ತಿರ ಹತ್ತಿರ ಸಮ. ಅದನ್ನು ಸೊಲ್ವೈಯೇ ಓದಿದಳು. ನಮ್ಮಲ್ಲಿ ಯಾರೂ ಬೆಚ್ಚಲಿಲ್ಲ. ಅಂಥದೇನೋ ಇರುತ್ತದೆಂದು ಎಲ್ಲರಿಗೂ ಅಂದಾಜಿತ್ತು. ಕೆಂಚವ್ವನ ಕಡೆಯವರು ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರು. ಅವರದ್ದು ಎಷ್ಟು ಕಡಿಮೆಯೆಂದರೆ ಕುಸ್ಕೊದ ಮಕ್ಕಳು ಇನ್ನೊಮ್ಮೆ ಓದಿ ಅಂದರು. ಆಮೇಲೆ ನನ್ನ ಸರದಿ. ನಮ್ಮ ಮನೆಯವರು ಆಗ ಇದೇ ಚಳ್ಳಕೆರೆಯಲ್ಲಿ ಎಣ್ಣೆಗಿರಣಿ ಇಟ್ಟಿದ್ದರು. ಕಾರುಗಳು, ಕೋಣೆಗೊಂದು ಎಸಿ, ಮದುವೆಗೆ ವಿಮಾನದಲ್ಲಿ ನೆಂಟರು. ನಮ್ಮದು ಸೊಲ್ವೈಯವರದಕ್ಕಿಂತ ಹೆಚ್ಚೇ ಆಗಿತ್ತು.

ಕೆಂಚವ್ವನ ಮನೆಯೂ ನಮ್ಮ ಮನೆಯೂ ಒಂದೇ ಬೀದಿಯಲ್ಲಿದ್ದವು. ನಡುವೆ ಒಂದು ನಲ್ಲಿ.

ಅದನ್ನು ನಾನು ಓದಿ ಮುಗಿಸಿದೆನೋ ಇಲ್ಲವೋ ನನಗೆ ನೆನಪಿಲ್ಲ. ತೆರೆಯ ಆ ಕಡೆ ಇದ್ದವರನ್ನು ನೋಡಿ ಮನಸ್ಸಿನಲ್ಲಿ ನಾನು ಕಟ್ಟಿಕೊಂಡಿದ್ದ ಗೋಡೆ ನನ್ನ ಬೆನ್ನ ಹಿಂದೆ ಬಂದು ನಿಂತಿತ್ತು, ನಾನೂ ಅವರ ಕಡೆಯೇ ಉಳಿದಿದ್ದೆ. ಕೆಂಚವ್ವನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಅವಳೇ ನನ್ನ ಮೊಣಕೈ ಹಿಡಿದಳು.

"ನೀನು... ಎಣ್ಣೆಗಿರಣಿ ಅಲ್ಲ," ಅಂದಳು. "ಕೂತ್ಕೋ."

ಆಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಸೊಲ್ವೈಯ ತರಗತಿ ಎರಡೂ ಹೋಲಿಕೆಗಳನ್ನು ತಮ್ಮ ಊರಸಭೆಯ ಮುಂದಿಟ್ಟಿತು. ಜೀವ ಹಿಡಿದುಕೊಳ್ಳಲು ಬೇಕಾದ ತಂಪನ್ನು ಹೆಜ್ಜೆಭಾರದಲ್ಲಿ ಸೇರಿಸಕೂಡದು ಎಂದು ಬುಡೋ ಒಪ್ಪಿ ಭೂಸಭೆಗೆ ಬರೆದುಕೊಟ್ಟಿತು, ಕುಸ್ಕೊವೂ ಸೇರಿಕೊಂಡಿತು. ಭೂಸಭೆ ಇನ್ನೂ ಚರ್ಚಿಸುತ್ತಿದೆ. ಈ ವರ್ಷಕ್ಕೆ ಗ್ಯಾಸು ಬಂದಿದೆ, ಮುಂದಿನ ವರ್ಷದ್ದು ಗೊತ್ತಿಲ್ಲ. ಮೇಷ್ಟ್ರು ಆ ಪಾಠವನ್ನು ಬಿಡಲಿಲ್ಲ. ಅದಕ್ಕೆ ಮೊದಲು ಈಗ ಇನ್ನೊಂದು ಪಾಠ ಮಾಡುತ್ತಾರೆ. ಮೂರೂ ಊರಿನ ಮಕ್ಕಳು ತಮ್ಮ ಒಂದು ಹಗಲು ಹೇಗೆ ಕಳೆಯುತ್ತದೆಂದು ಬೆಳಗಿನಿಂದ ಬೈಗಿನ ತನಕ ಹೇಳಬೇಕು. ಎಲ್ಲರದೂ ಮುಗಿಯುವ ತನಕ ಯಾರೂ ಅಂಕಿ ತೆಗೆಯುವ ಹಾಗಿಲ್ಲ. ಕೆಂಚವ್ವ ಸಣ್ಣ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ತಾಳ ತಪ್ಪುತ್ತದೆ. ಮಕ್ಕಳು ಅವಳ ತಾಳಕ್ಕೇ ಹಾಡುತ್ತವೆ.

ನಿಮ್ಮ ಕಾಲದಲ್ಲೂ ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಹೀಗೆ ಹೋಲಿಸಿ ನೋಡುತ್ತಿದ್ದರೆಂದು ಇತ್ತೀಚೆಗೆ ಮೇಷ್ಟ್ರು ಹೇಳಿದರು. ನಾನು ನಂಬಲಿಲ್ಲ. ನಿಮಗೆ ತಿಳಿದಿರಲಿಲ್ಲವೆಂದೇ ಅಷ್ಟು ದಿನ ಎಲ್ಲವನ್ನೂ ನುಂಗಿಕೊಂಡಿದ್ದೆ. ನಿಮ್ಮ ಮಕ್ಕಳ ಬಾಯಲ್ಲೇ ಆ ಅಂಕಿಗಳಿದ್ದವು, ಗೋಡೆಯ ಮೇಲೆ ಬಣ್ಣದ ಕಾಗದದಲ್ಲಿ ಬರೆದು ಅಂಟಿಸಿದ್ದರು ಎಂದು ಕೇಳಿದ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೈ ಮರಗಟ್ಟಿತು, ಅಷ್ಟೆ. ಆ ಮರಗಟ್ಟಿದ್ದು ಇನ್ನೂ ಬಿಟ್ಟಿಲ್ಲ.

ಈ ಕಾಗದದಲ್ಲಿ ನಿಮ್ಮನ್ನು ಚೆನ್ನಾಗಿ ಬೈದು ಬರೆಯಬೇಕೆಂದೇ ಶುರುಮಾಡಿದ್ದೆ. ಬರೆದದ್ದನ್ನು ಕೆಂಚವ್ವನಿಗೆ ಓದಿ ಹೇಳಿದೆ. ಅವಳು ಕೇಳಿ, ಬಹಳ ಹೊತ್ತು ಮಾತು ಹುಡುಕಿ, ಹೇಳಿದಳು:

"ಬೈಬ್ಯಾಡ. ಬೈದ್ರೆ... ಮುಚ್ಚಿಡ್ತಾರೆ. ಹೊರಗೆ ಹೋಗಿ ಓದ್ರಿ ಅನ್ನು. ಮಧ್ಯಾಹ್ನ. ಮರದ ಕೆಳಗೆ."

ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಈ ಕಾಗದ ಹಿಡಿದು ಹೊರಗೆ ಬನ್ನಿ. ಬೇವಿನ ಮರವಿದ್ದರೆ ಅದರಡಿ ಕೂತುಕೊಳ್ಳಿ. ಸೆಕೆಯಾದೀತು, ಬೆವರು ಬಂದೀತು. ಆಮೇಲೆ ಸಣ್ಣಗೆ ಗಾಳಿ ಬೀಸಿ ಅದು ಕತ್ತಿನ ಮೇಲೆ ಆರುತ್ತದಲ್ಲ, ಆಗ ನಮ್ಮನ್ನು ನೆನೆಯಿರಿ.

ಇಲ್ಲಿಗೆ ನಿಲ್ಲಿಸುತ್ತೇನೆ. ನಿಮಗೆ ಒಳ್ಳೆಯದಾಗಲಿ.

ನಿಮ್ಮವಳೇ ಆದ,
ಕೆರೆಬೀದಿಯ ಮಾರಕ್ಕ