ಎಡ ಸೊಂಟದ ಶಾಸ್ತ್ರ

ತುಮಕೂರು, ನಾಲ್ಕನೆಯ ನೆರಳುಬೀದಿ
೨೧೮೯, ಹದಿಮೂರನೆಯ ತಿಂಗಳು, ಏಳನೆಯ ದಿನ

ವನಮಾಲಾ ಅಜ್ಜಿಯವರಿಗೆ ನಮಸ್ಕಾರಗಳು.

ಈಗ ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಟಕ್ ಟಕ್ ಎಂಬ ಸದ್ದಿಗೆ ಎಚ್ಚರವಾಯಿತು. ಬಾಗಿಲಲ್ಲ, ಮಗುವಲ್ಲ, ನನ್ನದೇ ಹಾಸುಗಣ್ಣು. ಮಲಗಿದವರ ಬೆನ್ನನ್ನು ರಾತ್ರಿಯಿಡೀ ನೋಡುತ್ತಿರುವ ಹಾಸಿಗೆಗೆ ನಾವು ಹಾಗೆನ್ನುತ್ತೇವೆ. ಸ್ನಾಯು ಸೆಟೆದುಕೊಂಡಾಗಲೆಲ್ಲ ಅದು ಒಳಗಿನಿಂದ ತಟ್ಟುತ್ತದೆ, ಹೊರಳಿ ಮಲಗು ಎಂದು. ಹೊರಳಲಿಕ್ಕೇ ಆಗದವಳು ಏನು ಮಾಡಬೇಕು? ಎದ್ದು ಕೂತು ಬರೆಯುತ್ತಿದ್ದೇನೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ವರ್ಷಕ್ಕೆ ಹದಿಮೂರು ತಿಂಗಳಾಗಿಯೇ ನಲವತ್ತು ವರ್ಷ ಕಳೆಯಿತು. ಮಾತು ಹಾಗೆಯೇ ಉಳಿದೀತೆ?

ನಾನು ಮೇದಿನಿ. ನನ್ನ ಅಮ್ಮನಿಂದ ಹಿಂದಕ್ಕೆ ಏಳು ತಾಯಂದಿರನ್ನು ಎಣಿಸಿದರೆ ಏಳನೆಯವರು ನೀವು. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆ ಎಂಬ ವ್ಯವಸ್ಥೆ ಇಲ್ಲಿದೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ, ಎರಡೇ ಪುಟ. ಜನ ಅದನ್ನು ತೀರಿಹೋದ ತಂದೆಗೋ ಕೈತಪ್ಪಿದ ಗೆಳೆಯನಿಗೋ ಬರೆಯುತ್ತಾರೆ. ನಾನು ಬೆನ್ನುನೋವಿಗೆ ಖರ್ಚು ಮಾಡುತ್ತಿದ್ದೇನೆ. ನಗಬೇಡಿ.

ನನ್ನ ಮಗಳು ನೇಸರಿಗೆ ಐದು ತಿಂಗಳು. ನಮ್ಮಲ್ಲಿ ತೇಲುತೊಟ್ಟಿಲುಗಳಿವೆ, ಮಗುವನ್ನು ಮಲಗಿಸಿದರೆ ಸೊಂಟದೆತ್ತರಕ್ಕೆ ತೇಲುತ್ತ ತಾಯಿಯ ಹಿಂದೆಯೇ ಬರುತ್ತದೆ. ಆದರೆ ಇವಳು ಅದರಲ್ಲಿ ಕಣ್ಣು ಮುಚ್ಚಬೇಕಲ್ಲ! ಎತ್ತಿಕೊಂಡರೆ ಮಾತ್ರ ನಿದ್ದೆ. ಎತ್ತಿಕೊಂಡೇ ಬೀದಿಯ ಚಾವಣಿಯಡಿ ನೂರು ಸುತ್ತು ನಡೆಯುತ್ತೇನೆ, ಎತ್ತಿಕೊಂಡೇ ಸಾರಿಗೆ ಒಗ್ಗರಣೆ ಹಾಕುತ್ತೇನೆ, ಎತ್ತಿಕೊಂಡೇ ತಲೆ ಬಾಚುತ್ತೇನೆ. ಯಾವಾಗಲೂ ಎಡ ಸೊಂಟದ ಮೇಲೆ. ಅದು ನಿಮ್ಮ ಆಜ್ಞೆ.

ನಿಮ್ಮ ಮಗಳು ಸುಗಂಧಿಯವರ ಫೋನಿನಲ್ಲಿ ಮಾತುಗಳೆಲ್ಲ ತಾವಾಗಿಯೇ ದಾಖಲಾಗುತ್ತಿದ್ದವಂತೆ. ಉಳಿದುಬಂದಿರುವುದು ಒಂದೇ ಕರೆ. ನಮ್ಮ ಮನೆಯಲ್ಲಿ ಹೆಸರಿಡುವ ದಿನ, ತೊಟ್ಟಿಲ ಮುಂದೆ, ಹೊಸ ಬಾಣಂತಿಗೆ ಅದನ್ನು ಕೇಳಿಸುವುದು ಶಾಸ್ತ್ರ. ನಿಮ್ಮ ದನಿ ಬರುತ್ತದೆ: “ಮಗೂನ ಎಡ ಸೊಂಟದ ಮೇಲೇ ಎತ್ಕೋ ಕಣೆ. ಬಲಕ್ಕೆ ಬೇಡ್ವೇ ಬೇಡ. ಯಾಕಂದ್ರೆ...” ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. “ಅಯ್ಯೋ, ಬೇಳೆ! ತಡಿ, ಆಮೇಲೆ ಮಾಡ್ತೀನಿ.” ಕರೆ ಮುಗಿಯಿತು. ನೂರ ಅರವತ್ತಮೂರು ವರ್ಷದಿಂದ ನಮ್ಮ ಮನೆಯ ಯಾವ ಹೆಂಗಸೂ ಮಗುವನ್ನು ಬಲಕ್ಕೆ ಎತ್ತಿಕೊಂಡಿಲ್ಲ.

ನೋವು ಶುರುವಾಗಿ ಮೂರು ತಿಂಗಳು. ಎಡ ಪಕ್ಕೆಯ ಕೆಳಗೆ, ಯಾರೋ ಒದ್ದೆ ಸೀರೆ ಹಿಂಡಿ ಬಿಡದೆ ಹಿಡಿದುಕೊಂಡ ಹಾಗೆ. ಮೊದಲು ಮೂಳೆಯಿರಬೇಕೆಂದು ಹೆದರಿದೆ, ಆಮೇಲೆ ಮೂತ್ರಪಿಂಡ, ಆಮೇಲೆ ಹೆಸರು ಹೇಳಲಾಗದ್ದು. ಪರೀಕ್ಷೆಯೆಲ್ಲ ಮುಗಿಸಿ ರಹಮತಮ್ಮನ ಹತ್ತಿರ ಹೋದೆ. ಅವರು ಸ್ನಾಯುಗಾರ್ತಿ, ಯಂತ್ರವಿಲ್ಲದೆ ಕೈಯಿಂದಲೇ ಮೈ ಓದುವವರು, ಈಗ ಊರಿಗೆ ಒಬ್ಬರೋ ಇಬ್ಬರೋ. ಹೆಬ್ಬೆರಳು ಒತ್ತಿ ನೋಡಿ ಹೇಳಿದರು: “ಮೂಳೆ ಸರಿಗೈತೆ, ನರ ಸರಿಗೈತೆ. ಮಾಂಸಖಂಡ ಮುನಿಸ್ಕೊಂಡೈತೆ, ಅಷ್ಟೆ. ದಿನಾ ಒಂದೇ ಕಡೆ ಹೇರಿದ್ರೆ ಕತ್ತೇನೂ ಒದೀತದೆ ಕಣಮ್ಮ. ಕೂಸನ್ನ ಬಲಕ್ಕೂ ಬದಲಾಯ್ಸು, ಬಿಸಿ ಕಾವು ಕೊಡು, ಬೆಕ್ಕಿನಂಗೆ ಬೆನ್ನು ಉಬ್ಬಿಸಿ ಇಳಿಸು. ಎಲ್ಡು ತಿಂಗ್ಳು ಹಿಡೀತದೆ.”

ಮನೆಗೆ ಬಂದು ಹೇಳಿದರೆ ಅಮ್ಮ ಸಿಡಿದಳು. “ಇಷ್ಟು ಜನ ಎಡಕ್ಕೇ ಎತ್ತಿ ಬೆಳೆಸಿದೀವಿ, ನಿನ್ನದೊಂದೇ ಬೆನ್ನು ಬೆಣ್ಣೇದಾ? ಎರಡು ತಿಂಗಳು ಯಾರು ಕಾಯ್ತಾರೆ, ನರಮೌನ ಮಾಡಿಸ್ಕೋ.” ನರಮೌನವೆಂದರೆ ಬೆನ್ನಿನ ನರಗಳಿಗೆ ಸುಮ್ಮನಿರಲು ಕಲಿಸುವುದು. ಹತ್ತು ನಿಮಿಷದ ಕೆಲಸ, ಮತ್ತೆಂದೂ ಹಿಂದಿರುಗಿಸಲಾಗದು. ಅಮ್ಮ ಮಾಡಿಸಿಕೊಂಡು ಹದಿನೆಂಟು ವರ್ಷ. ಹೋದ ಚಳಿಗಾಲ ಬಿಸಿನೀರಿನ ಚೀಲಕ್ಕೆ ಒರಗಿ ಕೂತಿದ್ದವಳ ಬೆನ್ನಿನಲ್ಲಿ ಅಂಗೈಯಗಲ ಬೊಬ್ಬೆ ಎದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಹಿಂದಿನಿಂದ ಹೋಗಿ ಬೆನ್ನಿಗೆ ಕೆನ್ನೆಯಿಟ್ಟರೆ ತಿರುಗುತ್ತಿರಲಿಲ್ಲ. ಕೋಪವೇನೋ ಎಂದುಕೊಳ್ಳುತ್ತಿದ್ದೆ.

ನರಮೌನದವರು ಇವತ್ತು ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಅಮ್ಮನೇ ಹೇಳಿಕಳಿಸಿದ್ದಾಳೆ, ನಾನೂ ಸುಸ್ತಾಗಿ ಹೂಂ ಅಂದುಬಿಟ್ಟಿದ್ದೇನೆ.

ಹಾಗಾದರೆ ಮಗುವನ್ನು ಬಲಕ್ಕೆ ಎತ್ತಿಕೊಂಡರಾಯಿತಲ್ಲ ಎನ್ನುತ್ತೀರಿ. ಮಣ್ಣುಪರೀಕ್ಷೆ ಓದಿದವಳು, ಕಾರಣ ಕೇಳದೆ ಏನನ್ನೂ ಒಪ್ಪಬಾರದೆಂದು ಕಾಲೇಜಿನಲ್ಲಿ ಕಲಿತವಳು ನಾನು. ಆದರೂ ಮೊನ್ನೆ ನೇಸರಿಯನ್ನು ಬಲಕ್ಕೆ ತಂದವಳು ಎರಡೇ ಹೆಜ್ಜೆಗೆ ನಿಂತುಬಿಟ್ಟೆ. ಬಲಕ್ಕೆ ಎತ್ತಿಕೊಂಡು ಯಾವುದೋ ಮಗುವಿಗೆ ಏನೋ ಆಗಿಹೋಗಿತ್ತೆ? ಅದಕ್ಕೇ ನೀವು ಅಷ್ಟು ಒತ್ತಿ ಹೇಳಿದಿರಾ? ತಕ್ಷಣ ಎಡಕ್ಕೆ ತಂದುಕೊಂಡೆ.

ನಿನ್ನೆ ನಿಮ್ಮ ಕಾಲದ ಫೋಟೋ ಒಂದನ್ನು ತೆಗೆದು ನೋಡಿದೆ, ಆ ಕರೆಯ ವಾರದ್ದೇ. ಎಲ್ಲರೂ ಅದರಲ್ಲಿ ಮಗುವನ್ನಷ್ಟೇ ನೋಡಿದ್ದಾರೆ. ಸುಗಂಧಿಯವರ ಬಲ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿದೆ, ಅಜ್ಜಿ. ಉಳುಕಿತ್ತೆ? ಪಟ್ಟಿ ಬಿಚ್ಚುವವರೆಗೆ ಮಾತ್ರ ಎಂದು ಹೇಳಹೊರಟಿದ್ದಿರಾ? ಇರಬೇಕು ಅನಿಸುತ್ತದೆ. ಆದರೆ ಅನಿಸಿಕೆಯನ್ನು ನಂಬಿ ಮಗುವನ್ನು ಹೇಗೆ ಎತ್ತಲಿ?

ಆ ಕರೆಯ ದಿನದ ರಾತ್ರಿಗೇ ಇದನ್ನು ಕಳಿಸುತ್ತಿದ್ದೇನೆ. ಹಿಂದಂಚೆ ಇಲ್ಲಿನ ಗಂಟೆಗೆ ಅಲ್ಲಿನ ಅದೇ ಗಂಟೆ ಕೂಡಿಸಿ ತಲುಪಿಸುತ್ತದೆ. ಇದು ನಿಮ್ಮ ಕೈಸೇರುವಾಗ ನಿಮಗೂ ನಡುರಾತ್ರಿ ಕಳೆದಿರುತ್ತದೆ. ಕುಕ್ಕರ್ ಕೂಗಿದ್ದು ಆಗಷ್ಟೇ ಕಳೆದ ಸಂಜೆ. ಹೊತ್ತಲ್ಲದ ಹೊತ್ತು ಎನ್ನಬೇಡಿ. ಐದು ತಿಂಗಳ ಕೂಸಿನ ತಾಯಿ, ಸುಗಂಧಿ ಎದ್ದೇ ಇರುತ್ತಾರೆ. ಅವರ ಎಡ ಪಕ್ಕೆಯೂ ಈಗಾಗಲೇ ಹಿಡಿದುಕೊಂಡಿರಬಹುದು. ಆ ಒಂದು ವಾಕ್ಯ ಮುಗಿಸಿ, ಸಾಕು. ಅಲ್ಲಿ ನೀವು ಮಾತಾಡಿದರೆ ಇಲ್ಲಿ ಅದೂ ಉಳಿದಿರುತ್ತದೆ. ಆ ದಾಖಲೆಯನ್ನೇ ಕಿವಿಗಿಟ್ಟುಕೊಂಡು ಕೂತಿದ್ದೇನೆ, ಮಗು ಎಡ ಸೊಂಟದ ಮೇಲಿದೆ.

ಆಮೇಲೆ ಮಾಡ್ತೀನಿ ಅಂದಿದ್ದಿರಿ. ಬೆಳಗಾಗುವ ಮುಂಚೆ ಮಾಡಿ, ಅಜ್ಜಿ. ದಮ್ಮಯ್ಯ, ಒಂದು ಫೋನ್ ಮಾಡಿ.

ನಿಮ್ಮ,
ಮೇದಿನಿ