ಶ್ರೀಪಾದದ ಗಂಟೆ

ಅಕ್ಕಾ,

ಸಿಂಹಳದ ಶ್ರೀಪಾದ ಬೆಟ್ಟ ಏರಿದೆ. ತುದಿಯ ಬಂಡೆಯಲ್ಲೊಂದು ಭಾರೀ ಹೆಜ್ಜೆಯ ಗುರುತು. ಬೌದ್ಧರಿಗೆ ಬುದ್ಧನದು, ನಮ್ಮವರಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಪಕ್ಕದಲ್ಲಿ ಗಂಟೆ ಕಂಡದ್ದೇ ತಡ, ಹಳೇ ಹುಬ್ಬಳ್ಳಿಯ ಪ್ರಭಾತಫೇರಿಯಲ್ಲಿ ಊರೆಬ್ಬಿಸುವವರಂತೆ ಬಡಿದೇ ಬಡಿದೆ. ಮುದುಕಿಯರೆಲ್ಲ ಬಂದು ನನ್ನ ಕಾಲಿಗೆ ಬಿದ್ದರು!

“ಬೆಟ್ಟ ಎಷ್ಟು ಸಲ ಏರೀವೋ ಅಷ್ಟ ಸಲ ಬಾರಸೂದು ಇಲ್ಲಿ ಪದ್ಧತಿ ಅದಲೋ ಮಾರಾಯಾ! ನಿನ್ನ ದೊಡ್ಡ ಸಾಧು ಅಂತ ತಿಳದಾರ,” ಎಂದು ಸಂಗಡಿಗ ದತ್ತು ಹೊಟ್ಟೆ ಹಿಡಿದುಕೊಂಡು ನಕ್ಕ.

ಜಂಗಮನಾಗಿ ಹುಟ್ಟಿಯೂ ಪಾದಪೂಜೆ ಮಾಡಿಸಿಕೊಳ್ಳಲು ಒಲ್ಲೆನೆಂದು ಅಪ್ಪನೊಡನೆ ಜಗಳ ತೆಗೆದು ಮನೆ ಬಿಟ್ಟ ಶೂರನ ಗತಿ ನೋಡು! ಕಾಲು ಹಿಂದೆಳೆದುಕೊಳ್ಳಲೂ ಆಗದಷ್ಟು ಮಂಡಿ ಹಿಡಿದಿತ್ತು. ಎಣ್ಣೆ ತಿಕ್ಕುತ್ತಿದ್ದೇನೆ, ಉಳಿದಂತೆ ಗಟ್ಟಿ.

ಈ ಕಾರ್ಡು ಅಪ್ಪನಿಗೆ ತೋರಿಸಬೇಡ. ಅಥವಾ ತೋರಿಸು, ನನ್ನ ಹೆಸರೆತ್ತಿ ನಗಲಿಕ್ಕಾದರೂ ಬಾಯಿ ಬಿಟ್ಟಾನು.

ನಿನ್ನ ತಮ್ಮ,
ಮಹಾಂತಯ್ಯ