ಒಂದು ಸೊಟ್ಟ ಹೊಲಿಗೆ ಬೇಕಾಗಿದೆ

ಪ್ರೀತಿಯ ಅಮ್ಮನಿಗೆ,

ಆನ್‌ಲೈನ್‌ನಲ್ಲಿ ಮಾರಿದ ನನ್ನ ಬಟ್ಟೆ ಚೀಲವೊಂದು ಹೋದ ವಾರ ವಾಪಸ್ ಬಂತು. "ಮಷಿನ್‌ನಲ್ಲಿ ಹೊಲಿದು ಕೈಹೊಲಿಗೆ ಅಂತ ಮಾರ್ತೀರಾ?" ಎಂದು ಬರೆದು, ಕೊಂಡ ಹೆಂಗಸು ಐದರಲ್ಲಿ ಒಂದೇ ಸ್ಟಾರ್ ಕೊಟ್ಟಿದ್ದಳು. ಮೈಯೆಲ್ಲ ಉರಿದುಹೋಯಿತು. ಆಮೇಲೆ ಅದನ್ನೇ ಇನ್ನೊಮ್ಮೆ ಓದಿ, ಒಬ್ಬಳೇ ಕೂತು ನಕ್ಕೆ. "ಸೊಟ್ಟಗಿದೆ, ಬಿಚ್ಚು" ಎಂದು ನೀನು ನನ್ನ ಹೊಲಿಗೆಯನ್ನು ಎಷ್ಟು ಸಲ ಬಿಚ್ಚಿಸಿಲ್ಲ?

ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ನಾನು ಹೊಲಿಯುವುದನ್ನು ವಿಡಿಯೊ ಮಾಡಿ ಆಕೆಗೆ ಕಳಿಸಿದೆ. ಮೂರನೆಯ ದಿನ ಐದು ಸ್ಟಾರ್, ಒಂದು ಕ್ಷಮೆ, ಜೊತೆಗೆ ಹನ್ನೆರಡು ಚೀಲಗಳ ಆರ್ಡರ್ ಬಂತು.

ಆದರೆ ಆಕೆಯದೊಂದು ಷರತ್ತಿದೆ: "ಪ್ರತಿ ಚೀಲದಲ್ಲೂ ಒಂದು ಹೊಲಿಗೆ ಸೊಟ್ಟಗಿರಲಿ, ಇಲ್ದಿದ್ರೆ ನನ್ನ ಗೆಳತಿಯರು ನಂಬಲ್ಲ." ನಿನ್ನೆಯಿಂದ ಹೆಣಗುತ್ತಿದ್ದೇನೆ. ಏನು ಮಾಡಿದರೂ ಕೈ ದಾರಿ ತಪ್ಪುತ್ತಿಲ್ಲ.

ಏಳನೇ ವಯಸ್ಸಿನಲ್ಲಿ ನಾನು ಹೊಲಿದ ಮೊದಲ ಕರವಸ್ತ್ರವೊಂದನ್ನು ಮಾತ್ರ ನೀನು ಬಿಚ್ಚಿಸದೆ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿರುವುದು ನನಗೆ ಗೊತ್ತು. ಅದನ್ನು ಬೇಗ ಕಳಿಸಿಕೊಡು. ನೋಡಿಕೊಂಡು ಹೊಲಿಯುತ್ತೇನೆ.

ನೀನು ತಿದ್ದಿ ತಿದ್ದಿ ಕೆಡಿಸಿದ,
ನಿನ್ನ ಮಗಳು